ಕನಿಷ್ಠ ನೂರು

ಒಂದ ಲಗ್ನಪತ್ರಿಕಿ ಬೇಕಾಗಿತ್ರೀ, ಅಂದ್ಲು.
ಒಂದು ನಮೂನಿ ಅಂತ ತಿಳದು
ಸ್ಯಾಂಪಲ್ ಪುಸ್ತಕ ಮುಂದಿಟ್ಟೆ.
ಅಲ್ಲರೀ, ಒಂದ ಒಂದು. ಎಣಿಕಿಗೆ ಒಂದು.

ಬೆಟಗೇರಿಯೊಳಗ ನಮ್ಮಪ್ಪ ಇಟ್ಟ ಈ ಟ್ರೆಡಲ್
ಒಂದಕ್ಕ ಬಾಯಿ ತೆಗಿಯೂದಿಲ್ಲ, ತಂಗಿ.
ರೋಲರಿಗೆ ಮಸಿ ಹತ್ತಿ ಸಮ ಆಗೂದ್ರಾಗ
ಇಪ್ಪತ್ತು ಹಾಳಿ ಹಾಳಾಗ್ತಾವು.
ಕನಿಷ್ಠ ನೂರು.

ಬರಕೊಂಡೆ. ವಧು: ದೀನಮಣಿ, ಮಿಷನ್ ಆಸ್ಪತ್ರಿ ನರ್ಸು.
ವರ: ಅಗ್ನೆಲೋ, ಮಡಗಾವದಾಂವ,
ಅಜ್ಜ ಹುಟ್ಟಿದ ದಾಖಲೆ ಹುಡುಕಿ ತಗದು
ಪೋರ್ತುಗಲ್ಲಿನ ಪಾಸ್‌ಪೋರ್ಟ್ ಮಾಡಿಸ್ಕೊಂಡಾಂವ.
ತಾರೀಖು ಹೇಳಿದ್ಲು. ನನ್ನ ಕೈ ನಿಂತಿತು.
ಅದು ಹೋದ ನವೆಂಬರಿಂದು.
ಮುಗದ ದಿವಸಕ್ಕ ‘ತಪ್ಪದೇ ಬರಬೇಕು’ ಅಂತ
ಹ್ಯಾಂಗ ಮೊಳಿ ಜೋಡಸ್ಲಿ?

ರಜಿಸ್ಟರ್ ಆಫೀಸಿನ್ಯಾಗ ಆಗೇತ್ರೀ,
ಇಬ್ಬರು ಸಾಕ್ಷಿ, ಇಬ್ಬರೂ ಕೂಲಿಗೆ ಬಂದವರು.
ಈಗ ವೀಸಾದವರು ಪತ್ರಿಕಿ ತಾ ಅಂತಾರ,
ಪತ್ರಿಕಿ ಇಲ್ಲದ್ದು ಅದೆಂಥಾ ಮದುವಿ ಅಂತಾರ.
ಅವಗ ಎಷ್ಟು ಕೊಟ್ಟಿ, ಅಂದೆ.
ಅವ್ವನ ಮಗ್ಗ ಇದ್ದ ಜಾಗಾ, ಅಂದ್ಲು.

ಅದ ವಾರ, ಹತ್ತಿ ಜಿನ್ನಿನ ಅಂದಾನೆಪ್ಪನೋರು
ಅಥೆನ್ಸಿನ್ಯಾಗ ಎರಡು ಖೋಲಿ ಕೊಂಡಿದ್ರು, ಫೋಟೋ ನೋಡಿ.
ಮನಿ ಕೊಂಡ್ರ ಇರಾಕ ಪರವಾನಗಿ ಕೊಡ್ತಾರಂತ ಆ ದೇಶದಾಗ.
ಮನಿ ಅಲ್ಲೆ, ಹಾಲು ಉಕ್ಕಿಸೂದು ಇಲ್ಲೆ,
ಗೃಹಪ್ರವೇಶದ ಕಾರ್ಡು ಐದುನೂರು, ಬಂಗಾರದ ಮಸಿ.
ಆ ಕಟ್ಟಿನ ಮ್ಯಾಲ ಬೆರಳಾಡಿಸಿ ದೀನಮಣಿ ಅಂದ್ಲು:
ಮನಿ ಕೊಂಡವರನ್ನ ಯಾರೂ ಕೇಳೂದಿಲ್ಲ ನೋಡ್ರಿ,
ಒಳಗ ಯಾವ ಮಗ್ಗಲಕ ಮಲಗ್ತೀರಿ ಅಂತ.

ಅಕೀಗೆ ಕೇಳ್ತಾರ. ನೋಟಬುಕ್ಕಿನ ತುಂಬ ಬರದಿಟ್ಟಾಳ.
ಮಸಿ ಆರೂತನಕ ನಾ ಕೇಳ್ದೆ, ಅಕಿ ಒಪ್ಪಿಸಿದ್ಲು:
ಎಡಕ್ಕ. ಚಾಕ್ಕ ಸಕ್ಕರಿ ಎರಡು ಚಮಚ.
ಬಂಗಡಿ ತಿಂತಾನ, ಸಿಗಡಿ ಆಗಿಬರೂದಿಲ್ಲ.
ಅವರವ್ವಗ ಮೊಣಕಾಲು, ಬಲದ್ದು.
ಬೆನ್ನ ಮ್ಯಾಲ ಗಾಯದ ಗುರ್ತು?
ಅಲ್ಲೆ ತಡದ್ಲು. ಪುಟ ತಿರುವಿದ್ಲು. ಬರದಿರಲಿಲ್ಲ.
ಹತ್ತು ವರ್ಷದಾಗ ಎಷ್ಟು ಮಂದಿ ಬೆನ್ನು ಒರೆಸ್ಯಾಳೋ ಅಕಿ.
ನಾನೂ ಮುಂದಿನ ಪ್ರಶ್ನಿಗೆ ಹೋದೆ.

ನೂರರ ರೊಕ್ಕ ಎಣಿಸಿ ಇಟ್ಲು,
ಒಂದನ್ನ ಪ್ಲಾಸ್ಟಿಕ್ಕಿನೊಳಗ ಸರಿಸಿ ಎದಿಗೆ ಹಿಡಕೊಂಡ್ಲು.
ಉಳದಿದ್ದು?
ಸುಟ್ಟಬಿಡ್ರಿ.

ದಪ್ಪ ಹಾಳಿ. ಸುಡೂದಂದ್ರ ಹೊಟ್ಟಿ ಉರೀತೈತಿ.
ಮಗ್ಗಲ ಮಿರ್ಚಿ ಗಾಡಿ ರಾಜೇಸಾಬಗ ಕೊಟ್ಟೆ.
ದಿನಾ ಒಂದಿಷ್ಟು ತಗದು, ಬೆಟಗೇರಿ ಮಂದಿ
ಅಕಿ ಹೆಸರಿನ ಮ್ಯಾಲ ಮಿರ್ಚಿ ಇಟಕೊಂಡು ತಿಂದ್ರು.
ಎಣ್ಣಿ ಕುಡದು ಅಕ್ಷರ
ಹಿಂದಿನ ಮಗ್ಗಲಕೂ ಉಲ್ಟಾ ಕಾಣ್ತಿದ್ವು.
ಒಬ್ಬಾಂವ ಓದಿ ಮಾರಿ ಸಣ್ಣ ಮಾಡಿದ:
ಆಗಿ ಹೋಗೇತಲ್ಲೋ ಮಾರಾಯ, ಊಟ ತಪ್ಪಿತು!

ಒಂದಿನ ಸಂಜಿಮುಂದ ಫೋನು. ಹಿಂದಿ. ಗೊಗ್ಗರ ದನಿ.
ಕಾರ್ಡಿನ ಮೂಲ್ಯಾಗಿದ್ದ ನಮ್ಮ ನಂಬರ ಓದಿ ಹೇಳಿದ.
ಇದು ನಿಮ್ಮಲ್ಲೇ ಅಚ್ಚಾತೇನು? ಆತು.
ಎಷ್ಟು? ನೂರು. ಅದಕಿಂತ ಕಮ್ಮಿ ಹಾಕೂದಿಲ್ರಿ.
ಎಲ್ಲಾ ಹಂಚಿದ್ರೇನು? ಒಂದೂ ಉಳದಿಲ್ಲ.
ಮದುವಿಗೆ ನೀವು ಹೋಗಿದ್ರ್ಯಾ?

ಎಡಗೈಯಾಗ ಫೋನು. ಬಲಗೈಯಾಗ
ಈ ಕಡೆ ದೀನಮಣಿ, ಆ ಕಡೆ ಅಗ್ನೆಲೋ,
ನಡುವ ಅರ್ಧ ತಿಂದ ಮಿರ್ಚಿ.
ಊಟಾನೂ ಮಾಡೇನ್ರಿ ಸಾಹೇಬ್ರ, ಅಂದೆ.
ಖಾರ ಭಾಳ ಇತ್ತು.