ಹಾರ್ನ್ ಹೊಡೀಬ್ಯಾಡ

ಐದೂವರೆ. ಬೀದರ್ ಖಿಲ್ಲಾದ ಬಾಗಿಲ ಮುಂದ
ನಲವತ್ತು ಸೈಕಲ್, ನಲವತ್ತು ಹಳದಿ ಬನಿಯನ್ನು.
ಯಾರೋ ಮೈಕ್ ಹಿಡಕೊಂಡು ಹಲೋ ಹಲೋ ಅನ್ಲತ್ತಾನ.
ಎಸ್ತೇರ್, ನೀ ಬಗ್ಗಿ ಗಾಲಿಗೆ ಹೆಬ್ಬಟ್ಟು ಒತ್ತಿ
ಗಾಳಿ ನೋಡ್ಲತ್ತಿ.
ನಾ ಖಾಕಿ ಅಂಗಿಯೊಳಗ ನಿಂತೀನಿ.
ರಜಾ ಸಿಗಲಿಲ್ಲ. ಏಳು ಹತ್ತರ ಕಲಬುರಗಿ ಗಾಡಿ ನಂದೇ.

ಹತ್ತೊಂಬತ್ತು ವರ್ಷ ಆಯ್ತು ಈ ರೋಡಿನ ಮ್ಯಾಲ.
ಅದಕ್ಕ ಮತ್ತೊಮ್ಮಿ ಹೇಳ್ತೀನಿ, ಕೇಳು:
ಹಳ್ಳಿಖೇಡ ದಾಟಿದ ಮ್ಯಾಲ ಎಡಕ್ಕ ಡಾಂಬರ್ ಕಿತ್ತ್‌ಹೋಗ್ಯಾದ.
ಹುಮನಾಬಾದ್ ಕ್ರಾಸಿನಾಗ ಲಾರಿಯವರು ಯಾರನ್ನೂ ನೋಡಂಗಿಲ್ಲ.
ಧಾಬಾದ ಬಾಜು ಒಂದು ಕರಿನಾಯಿ ಅದ,
ಅದಕ್ಕ ತಿರುಗೂ ಗಾಲಿ ಅಂದ್ರ ಸಿಟ್ಟು.
ಕಮಲಾಪುರದ ಇಳಕಲಿನಾಗ...

"ಅಪ್ಪಾ, ಕುಂತು ನೋಡಿದವರಿಗೆ ರೋಡ್ ಬ್ಯಾರೆ.
ಹ್ವಾದ ಐತವಾರ ಹುಮನಾಬಾದ್ ತನಾ ತುಳದು ಬಂದೀನಿ.
ನೀ ಸಪಾಟ್ ಅಂತಿಯಲ್ಲ, ಆ ಹನ್ನೊಂದು ಕಿಲೋಮೀಟರ್,
ಪೂರಾ ಏರು."

ಸುಮ್ಮನಾದೆ.
ಹತ್ತೊಂಬತ್ತು ವರ್ಷದಾಗ ಆ ಏರು ನನ್ನ ಕಾಲಿಗೆ ಹೇಳಿಲ್ಲ.
ಎಂಜಿನ್ನು ಗೊಣಗಿತ್ತೇನೋ,
ನಾ ಲೋಡ್ ಜಾಸ್ತಿ ಆಗ್ಯಾದ ಅಂದ್ಕೊಂಡೆ.

ಈ ಸವಾರಿಗೆ ಬೀಜ ಹಾಕಿದಾಂವ ನಾನೇ.
ಊಟಕ್ಕ ಕುಂತಾಗ ಬಾಯಿ ತಪ್ಪಿ ಹೇಳಿದ್ದೆ:
ಮೂರು ವಾರಕ್ಕೊಮ್ಮಿ ಒಬ್ಬಾಕಿ ನನ್ನ ಗಾಡಿ ಹತ್ತತಾಳ,
ಬಗಲಾಗ ಆರು ವರ್ಷದ ಹುಡುಗ, ತನ್ವೀರ.
ಹೋಗುವಾಗ ಅವನ ತುಟಿ ಸುಣ್ಣ ಬಳದ ಗ್ವಾಡಿ.
ದವಾಖಾನ್ಯಾಗ ಯಾರದೋ ರಕ್ತ ಏರಿಸ್ಕೊಂಡು
ಸಂಜಿ ಗಾಡಿಗೆ ಬಂದ್ರ ಬಾಯಿ ಬಡಬಡ,
ಬಾನೆಟ್ ಮ್ಯಾಲ ಕುಂತು "ಚಾಚಾ, ಒಂದ್ಸಲ" ಅಂತಾನ,
ಖಾಲಿ ರೋಡ್ ನೋಡಿ ಅವನ ಕೈಲೆ ಹಾರ್ನ್ ಒತ್ತಸ್ತೀನಿ.

ನೀ ರೊಟ್ಟಿ ಮುರಿಯೂದು ಬಿಟ್ಟು ಕೇಳಿದಿ,
"ಆ ರಕ್ತ ಎಲ್ಲಿಂದ ಬರ್ತದ?"
ನನಗ ಗೊತ್ತಿರಲಿಲ್ಲ.
ಶೇಂಗಾಹಿಂಡಿ ಹಾಕ್ಕೋ ಅಂದೆ.

ಮರುದಿನ ನೋಟ್‌ಬುಕ್ ಹಿಡಕೊಂಡು ಡಿಪೋಕ್ಕ ಬಂದಿ,
ಕಿಲೋಮೀಟರಿಗೆ ಇಷ್ಟು ಅಂತ ಬರಸ್ಕೊಂಡಿ.
ಕಂಡಕ್ಟರ್ ಮಾಣಿಕಪ್ಪ ಎರಡು ರೂಪಾಯಿ.
ಟೈರ್ ಸೆಕ್ಷನ್ನಿನ ಖಾಜಾಮಿಯಾ ಐದು,
"ಪಂಚರ್ ಆದ್ರ ಫೋನ್ ಮಾಡು ಬೇಟಿ" ಅಂತ ನಂಬರ್ ಸುದ್ದಾ.
ಸಾಹೇಬರು ಐವತ್ತು ಪೈಸೆ.
ಲೀಟರಿಗೆ ಎಷ್ಟು ಓಡಿಸ್ದಿ ಅಂತ ನನಗ ದಿನಾ ಬಯ್ಯೂ ಸಾಹೇಬರು;
ಎರಡು ರೊಟ್ಟಿಗೆ ನೂರಾ ಹದಿನೈದು ಕಿಲೋಮೀಟರ್ ಅಂದ್ರ
ಅವರೂ ನಕ್ಕರು.

ನಿನಗ ಸೈಕಲ್ ಕಲಿಸಿದಾಂವ ನಾ ಅಲ್ಲ.
ಆ ಬ್ಯಾಸಿಗಿ ಡಬಲ್ ಡ್ಯೂಟಿ ಇತ್ತು,
ನಿಮ್ಮ ಸೋದರತ್ತಿ ಚರ್ಚಿನ ಬಯಲಾಗ ಓಡಿ ಓಡಿ ಕಲಿಸಿದ್ಳು.
ನಾ ರಾತ್ರಿ ಬಂದು, ಮಲಗಿದಾಕಿಯ
ಮೊಳಕಾಲ ಗಾಯ ಅಷ್ಟೇ ನೋಡಿದ್ದೆ.
ಅದಕ್ಕೋ ಏನೋ, ಈಗ ಸೀಟಿನ ಹಿಂದ ಕೈ ಚಾಚಿದ್ರ
ಎಲ್ಲಿ ಹಿಡೀಬೇಕು ತಿಳೀವಲ್ದು.

"ಹಿಂದಿನಿಂದ ಬರ್ತೀಯಲ್ಲ, ಹಾರ್ನ್ ಹೊಡೀಬ್ಯಾಡ.
ಎಲ್ಲಾರೂ ನಗ್ತಾರ.
ಮತ್ತ, ಬೆಚ್ಚಿದ್ರ ಹ್ಯಾಂಡಲ್ ಹೊಳ್ಳತದ."

ಆಯ್ತವ್ವಾ.
ಎಷ್ಟು ಸೈಕಲಿನವರ ಬೆನ್ನಿಗೆ ಅದನ್ನ ಒದರಿಸೀನಿ,
ಕಿಟಕಿಯಿಂದ ತಲಿ ಹಾಕಿ ಏನೇನು ಬೈದೀನಿ,
ನಿನಗ ಹೇಳಿಲ್ಲ.

ಹಸಿರು ಬಾವುಟ ಬೀಸಿದ್ರು.
ನೀ ಹೊಳ್ಳಿ ನೋಡಲಿಲ್ಲ.
ನಾ ಹಿಂದಿಂದ ನಡಕೋತ ಚೌಬಾರಾದ ತನಾ ಬಂದೆ,
ಚಪ್ಪಲಿ ಕೈಯಾಗ ಹಿಡದು ಓಡಿದೆ ಅಂದ್ರೂ ನಡೀತದ.
ಅಲ್ಲಿ ತಿರುಗುವಾಗ ನೀ ಒಂದು ಕೈ ಬಿಟ್ಟು, ಉದ್ದಕ್ಕ ಚಾಚಿ
ಸಿಗ್ನಲ್ ಕೊಟ್ಟಿ.
ನಿನ್ನ ಹಿಂದ ಯಾವ ಗಾಡಿನೂ ಇರಲಿಲ್ಲ.
ನಾ ಇದ್ದೆ.

ಏಳು ಹತ್ತು. ಮಾಣಿಕಪ್ಪ ಸೀಟಿ ಊದಿದ.
ಗೇರ್ ಹಾಕೀನಿ.
ಆ ಹನ್ನೊಂದು ಕಿಲೋಮೀಟರ್ ಬರಲಿ,
ಏರು ಎಲ್ಲಿಂದ ಸುರು ಆಗ್ತದ
ಇವತ್ತು ನೋಡ್ತೀನಿ.