ಎಂಟನೇ ಕಂತು

ಜಗತ್ತು ಮುಗದು ಇಪ್ಪತ್ತು ವರ್ಷ ಆತಂತ.
ಜೀಪು ಮಾತ್ರ ಒಂದ ಸೆಲ್ಫಿಗೆ ಚಾಲೂ.
"ಡೀಸೆಲ್ ಎಲ್ಲಿಂದ ಬಂತಲೇ?" ಅಂತ
ಟಿವಿಗೆ ಬೈತಾನ ಲಾಡಸಾಬ,
ಮುಧೋಳದಾಗ ನಲವತ್ತು ವರ್ಷ ಪಂಪು ಬಿಚ್ಚಿದಾಂವ.

ನಾಯಕಿ ಹುಬ್ಬು ನೋಡ್ರಿ, ನಿನ್ನೆ ತಿದ್ದಿದಂಗ.
ಅಂಗಿಗೆ ಇಸ್ತ್ರಿ.
ಒಬ್ಬರೂ ಕೆಮ್ಮೂದಿಲ್ಲ.

ಹೊಳಿ ಬಂದ ವರ್ಷ
ಬರೇ ಹನ್ನೊಂದು ದಿನ ಶಾಲಿಯೊಳಗಿದ್ವಿ.
ಎರಡನೇ ದಿನಕ್ಕ ಬೆಂಕಿಪೊಟ್ಟಣ ಮೆತ್ತಗಾತು.
ಒಂದು ಬಕೇಟಿಗೆ ನಾನೂ ಇವನೂ ಜಗಳಾಡಿ
ಇವನ ಅಂಗಿ ಹರದಿತ್ತು, ಕಾಲರ್ ನನ್ನ ಕೈಯಾಗ.
ಆಮ್ಯಾಲೆ ಯಾರೋ ನಕ್ಕರು. ಯಾಕಂತ ನೆನಪಿಲ್ಲ.
ಇಡೀ ಶಾಲಿ ನಕ್ಕಿತು.

ಈ ಮಂದಿ ಇಪ್ಪತ್ತು ವರ್ಷದಾಗ
ಒಮ್ಮೆನೂ ಉಪ್ಪು ಕೇಳಿಲ್ಲ.

"ಬಂದ್ ಮಾಡೋ" ಅಂದೆ.
"ತಡಿ," ಅಂದ ಲಾಡಸಾಬ, ಕುರ್ಚಿ ಮುಂದ ಎಳಕೊಂಡು,
"ಆ ಬ್ಯಾಟರಿ ಯಾವ ಕಂಪನಿದು, ನೋಡೂಣು."