ಹಾಜರಿ

ಇವತ್ತು ಹಾಲ್‌ನಲ್ಲಿ ಮತದಾನ. ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ.
ಸರಿ, ನಡೀರಿ ಎಂದಳು ತೆಗ್ವೆನ್,
ಭಾಷೆಗೇನು ಕುರ್ಚಿ ಬೇಕೆ?
ಎಂಟು ಜನ ನಾವು, ಗುರುವಾರದ ವೆಲ್ಷ್ ತರಗತಿ,
ಎಲ್ಲರಿಗೂ ಮೂವತ್ತು ದಾಟಿದೆ, ಇಬ್ಬರಿಗೆ ಮಂಡಿ ನೋವು,
ಕೊಡೆ ಮೂರೇ.

ಸ್ಲೇಟಿನ ಊರು ಇದು. ಬೆಟ್ಟವನ್ನೇ ಸೀಳಿ
ಎಲ್ಲೆಲ್ಲಿಯದೋ ಸೂರುಗಳಿಗೆ ಹಂಚಿ
ಉಳಿದ ಚೂರನ್ನು ಹಿತ್ತಲಲ್ಲಿ ಗುಡ್ಡೆ ಹಾಕಿಕೊಂಡು ಕೂತಿದೆ.
ಇಷ್ಟೊಂದು ಸ್ಲೇಟು, ಒಂದು ಬಳಪವೂ ಇಲ್ಲ
ಎಂದು ಒಳಗೊಳಗೇ ನಕ್ಕೆ.
ಯಾರಿಗೆ ಹೇಳಲಿ, ಯಾವ ಭಾಷೆಯಲ್ಲಿ.

ಮೊದಲು ಬೇಕರಿ.
ಒಂದು ಬ್ರೆಡ್ಡಿಗೆ ತೊರ್ಥ್, ಎರಡು ಕೇಳಿದರೆ ದೊರ್ಥ್.
ಸೇತುವೆಗೆ ಪೊಂತ್, ಇದೇ ಆ ಸೇತುವೆ ಎನ್ನುವಾಗ ಬೊಂತ್.
ಮಾಂಸ ಕೀಗ್; ಅರ್ಧ ಪೌಂಡು ಕೊಡಿ ಎನ್ನಹೊರಟರೆ ಗೀಗ್.
ಒಂದು ಪದವೂ ತನ್ನ ಪಾಡಿಗೆ ಇರುವುದಿಲ್ಲವೇ ಇಲ್ಲಿ?
ಗೊಣಗಿದಳು ಬೊಗುಮಿಲಾ,
ಪೋಲೆಂಡಿನವಳು, ಏಳು ವಿಭಕ್ತಿ ಕುಡಿದು ಬೆಳೆದವಳು.
ನನಗೋ ಹಳೆಯ ವ್ಯಾಕರಣ ಪುಸ್ತಕದ ವಾಸನೆ:
ಕತಪಗಳಿಗೆ ಗದಬಗಳು ಆದೇಶವಾಗಿ
ಮಳೆಗಾಲ. ಬೆಟ್ಟದಾವರೆ. ಕಂಬನಿ.
ಸಾವಿರಾರು ಮೈಲಿ ಆಚೆ
ಅದೇ ಮೆತ್ತಗಾಗುವ ನಾಲಿಗೆ.

ಕೌಂಟರಿನ ಹುಡುಗಿ ಮಾತ್ರ
ನಮ್ಮ ಮೊದಲ ತೊದಲು ಕೇಳುತ್ತಲೇ
ಮರುಕದಿಂದ ಇಂಗ್ಲಿಷಿಗೆ ಜಾರಿದಳು.
ಮಾಂಸದಂಗಡಿಯವನೂ ಜಾರಿದ. ಪೋಸ್ಟಾಫೀಸಿನ ಕಿಟಕಿಯೂ.
ಒಳ್ಳೆಯ ಜನ. ಎಡವಿದವರನ್ನು ತಕ್ಷಣ ಎತ್ತಿಕೊಳ್ಳುತ್ತಾರೆ,
ನಡೆಯಲು ಬಿಡುವುದಿಲ್ಲ.
ಹಟ ಹಿಡಿದು ನಿಲ್ಲಿ, ಎನ್ನುತ್ತಾಳೆ ತೆಗ್ವೆನ್.
ಸುಡಾನಿನ ನರ್ಸ್ ಇಹ್ಸಾನ್ ನಿಂತ,
ಬೆನ್ನ ಹಿಂದೆ ಆರು ಜನರ ಕೆಮ್ಮು,
ಒಂದೇ ಒಂದು ಅಂಚೆಚೀಟಿಯನ್ನು ವೆಲ್ಷಿನಲ್ಲೇ ಗೆದ್ದು
ಬೆವರೊರೆಸಿಕೊಂಡ.

ಗೆಥಿನ್ ಎಲ್ಲೂ ಬಾಯಿ ಬಿಡಲಿಲ್ಲ.
ಅರವತ್ತೇಳು. ಕಲ್ಲುಗಣಿಯ ಲಾರಿ ಓಡಿಸಿದವನು. ಇದೇ ಊರಿನ ಮಗ.
ತಾಯಿ ತನ್ನ ತಂಗಿಯ ಜೊತೆ ವೆಲ್ಷ್,
ಇವನ ಜೊತೆ ಇಂಗ್ಲಿಷ್:
ನಾಳೆ ಕೆಲಸ ಸಿಗಬೇಕಲ್ಲ ಹುಡುಗನಿಗೆ.
ಅಡಿಗೆಮನೆಯ ಬಾಗಿಲಾಚೆ ಕೂತು ಎಲ್ಲ ಕೇಳಿಸಿಕೊಂಡಿದ್ದಾನೆ.
ಅರ್ಥವಾಗುತ್ತದೆ, ಅಷ್ಟೂ ಅರ್ಥವಾಗುತ್ತದೆ,
ಆಡಹೋದರೆ ಕದ್ದ ಮಾಲು ಮಾರಿದ ಹಾಗೆ, ಎನ್ನುತ್ತಾನೆ.

ಸೇತುವೆಗೆ ಬಂದಾಗ
ಕುರಿ ಕಾಯುವ ಮುದಿ ನಾಯಿಯೊಂದು ರಸ್ತೆಯ ನಡುವೆ,
ಅತ್ತಿಂದ ಹಾಲಿನ ಟ್ಯಾಂಕರ್.
ಬೊಗುಮಿಲಾ ಕೂಗಿದಳು, ನಾನು ಕೂಗಿದೆ, ಇಂಗ್ಲಿಷಿನಲ್ಲಿ,
ಗಾಬರಿಯಲ್ಲಿ ಯಾರಿಗೆ ಪಾಠದ ನೆನಪು?
ನಾಯಿ ಕಿವಿ ಕೂಡ ಅಲ್ಲಾಡಿಸಲಿಲ್ಲ.
ಆಗ ಗೆಥಿನ್, ಎದೆಯ ತಳದಿಂದ:
ತಿರ್ದ್ ಅಮ!
ಬಾ ಇಲ್ಲಿ.
ದಿಗಿಲಾದಾಗ ಮಾತ್ರ ಅವನ ತಾಯಿ
ಇಂಗ್ಲಿಷ್ ಮರೆತು ಕರೆಯುತ್ತಿದ್ದ ಕರೆ.

ನಾಯಿ ತಿರುಗಿತು. ನೆಟ್ಟಗೆ ಬಂದು
ಒದ್ದೆ ಮೈಯಲ್ಲೇ ಅವನ ಬೂಟಿನ ಮೇಲೆ ಕೂತಿತು.
ಟ್ಯಾಂಕರ್ ಹೋಯಿತು.
ಅವನು ಬಗ್ಗಿ ಅದಕ್ಕೆ ಏನೇನೋ ಹೇಳತೊಡಗಿದ,
ಉದ್ದುದ್ದ ವಾಕ್ಯ,
ಕ ಗ ಆಗಬೇಕಾದಲ್ಲಿ ಗ ಆಗುತ್ತ, ಪ ಬ ಆಗುತ್ತ,
ನಾಯಿ ಒಮ್ಮೆಯೂ ಇಂಗ್ಲಿಷಿಗೆ ಜಾರಲಿಲ್ಲ.

ತೆಗ್ವೆನ್ ಹಾಜರಿ ಪುಸ್ತಕ ತೆಗೆದಳು.
ತುಂತುರಿಗೆ ಶಾಯಿ ಹರಡುತ್ತಿದ್ದರೂ
ಒಂಬತ್ತು ಎಂದು ಬರೆದಳು.

ಇದು ಯಾರ ನಾಯಿ ಎಂದು ಯಾರನ್ನಾದರೂ ಕೇಳಬೇಕಿತ್ತು.
ಆ ಪ್ರಶ್ನೆ ಹನ್ನೊಂದನೆಯ ಪಾಠದಲ್ಲಿದೆಯಂತೆ.
ನಾವಿನ್ನೂ ನಾಲ್ಕರಲ್ಲಿ.